ಬಿದರಿಯ ಕಪ್ಪು ಕಾಗದದ ಮೇಲೆ ಬರಬೇಕಾದರೆ

(ಕಲಬುರಗಿಯಲ್ಲಿ ಚಿತ್ರ ಕಲಾವಿದರು, ಫೋಟೋಗ್ರಾಫರ್‌ಗಳು ಮತ್ತು ಕಲಾ ವಿದ್ಯಾರ್ಥಿಗಳ ಮುಂದೆ ಮಾಡಿದ ಉಪನ್ಯಾಸ)

ಎಲ್ಲರಿಗೂ ನಮಸ್ಕಾರ. ಇಂಥ ಬಿಸಿಲಲ್ಲಿ ಇಷ್ಟು ಜನ ಬಂದಿದ್ದೀರಿ, ಭಾಳ ಖುಷಿಯಾಯಿತು. ನಮ್ಮ ಚಿತ್ರ, ಫೋಟೋಗಳನ್ನು ಚೆನ್ನಾಗಿ ಮುದ್ರಿಸುವ ದೊಡ್ಡ ಪ್ರಿಂಟರನ್ನು ಹೇಗೆ ಆರಿಸಬೇಕು, ಹೇಗೆ ನೋಡಿಕೊಳ್ಳಬೇಕು ಅನ್ನುವುದೇ ಇವತ್ತಿನ ಮಾತು.

ಮೊದಲು ಎರಡು ಹಾಳೆ ನಿಮ್ಮ ಕೈಗೆ ಕೊಡುತ್ತೇನೆ. ನೋಡಿ, ಪಕ್ಕದವರಿಗೆ ದಾಟಿಸಿ. ಅಂಚು ಹಿಡಿಯಿರಿ, ನಡುವೆ ಬೆರಳು ತಾಗಿಸಬೇಡಿ. ಎರಡರಲ್ಲೂ ಇರುವುದು ಬೀದರಿನ ಒಂದು ಬಿದರಿ ಹೂಜಿ. ಫೈಲೂ ಒಂದೇ, ಅಳತೆಯೂ ಒಂದೇ. ಒಂದರಲ್ಲಿ ಹೂಜಿಯ ಕಪ್ಪಿನ ಮೇಲೆ ಬೂದಿ ಕೂತ ಹಾಗಿದೆ, ಬೆಳ್ಳಿಯ ಎಳೆಗಳಿಗೆ ತುಸು ಹಸಿರು ಹತ್ತಿದೆ. ಇನ್ನೊಂದರಲ್ಲಿ ಕಪ್ಪು ಕಪ್ಪಾಗಿಯೇ ಇದೆ, ಬೆಳ್ಳಿ ಬೆಳ್ಳಿಯಾಗಿದೆ. ಮೊದಲನೆಯದು ನಾಲ್ಕು ಬಣ್ಣದ ಆಫೀಸ್ ಪ್ರಿಂಟರಿನದು. ಎರಡನೆಯದು ಬೂದು ಬಣ್ಣಕ್ಕೆ ಬೇರೆ ಇಂಕು ಇರುವ ಪಿಗ್ಮೆಂಟ್ ಪ್ರಿಂಟರಿನಲ್ಲಿ, ಹತ್ತಿಯ ಕಾಗದದ ಮೇಲೆ ತೆಗೆದದ್ದು.

ಬಿದರಿ ಕೆಲಸದವರು ಸತು, ತಾಮ್ರ ಕೂಡಿಸಿ ಎರಕ ಹೊಯ್ದು, ಅದರಲ್ಲಿ ಬೆಳ್ಳಿ ಕೂರಿಸಿ, ಕೊನೆಗೆ ಬೀದರ್ ಕೋಟೆಯ ಮಣ್ಣಿನಿಂದ ಆ ಕಪ್ಪು ತರಿಸುತ್ತಾರೆ. ಯಾವ ಮಣ್ಣು ಸರಿ ಅಂತ ನಾಲಿಗೆಗೆ ಹಚ್ಚಿ ನೋಡುತ್ತಾರೆ. ಒಂದು ಕಪ್ಪಿಗೆ ಅಷ್ಟು ಕಷ್ಟಪಡುವ ಜನ ಇರುವ ಸೀಮೆ ನಮ್ಮದು. ಹಾಗಾಗಿ ಯಾರಾದರೂ ಪ್ರಿಂಟರ್ ತೋರಿಸಿದರೆ ನಾನು ಮೊದಲು ತೆಗೆಸುವುದು ಈ ಹೂಜಿಯನ್ನೇ.

ನಮ್ಮ ಊರಲ್ಲಿ ದೊಡ್ಡ ಪ್ರಿಂಟರ್ ಅಂದ ತಕ್ಷಣ ಎಲ್ಲರಿಗೂ ನೆನಪಾಗುವುದು ಫ್ಲೆಕ್ಸ್. ಹುಟ್ಟುಹಬ್ಬ, ಜಾತ್ರೆ, ಚುನಾವಣೆ, ಎಲ್ಲದಕ್ಕೂ ಫ್ಲೆಕ್ಸ್. ಅದು ಸಾಲ್ವೆಂಟ್ ಇಂಕಿನ ಮಷಿನ್. ಪ್ಲಾಸ್ಟಿಕ್ ಹಾಳೆಯ ಮೇಲೆ ಹೊಡೆಯುತ್ತದೆ, ಇಪ್ಪತ್ತು ಅಡಿ ದೂರದಿಂದ ನೋಡಲಿಕ್ಕೆ ಮಾಡಿದ್ದು. ಅದರ ಕೆಲಸಕ್ಕೆ ಅದು ಸರಿ. ಆದರೆ ಅದರಲ್ಲಿ ಪೇಂಟಿಂಗ್ ತೆಗೆಸಿ ಚೌಕಟ್ಟು ಹಾಕಿಸಿದವರನ್ನು ಕಂಡಿದ್ದೇನೆ, ನನಗೆ ಸಂಕಟವಾಗುತ್ತದೆ. ನಾವು ಇವತ್ತು ಮಾತಾಡುತ್ತಿರುವ ಯಂತ್ರಗಳದು ನೀರಿನ ಇಂಕು. ಅವಕ್ಕೆ ಲೇಪ ಕೊಟ್ಟ ಕಾಗದವೇ ಬೇಕು, ಮತ್ತು ಆ ಪ್ರಿಂಟನ್ನು ಒಂದು ಅಡಿ ದೂರದಿಂದ ನೋಡುತ್ತಾರೆ.

ಈ ಕೆಲಸ ಹೆಚ್ಚು ಹಳೆಯದೇನಲ್ಲ. ಹಾಡುಗಾರ ಗ್ರಹಾಂ ನ್ಯಾಶ್ ತಮ್ಮ ಫೋಟೋಗಳನ್ನು ಮುದ್ರಿಸಲು ಐರಿಸ್ 3047 ಅನ್ನುವ ಯಂತ್ರ ಕೊಂಡರು. ಬೆಲೆ 1,26,000 ಡಾಲರ್. ಪ್ರೆಸ್‌ನವರು ಪ್ರೂಫ್, ಅಂದರೆ ಅಚ್ಚಿಗೆ ಮುಂಚೆ ನೋಡುವ ಮಾದರಿ ಪ್ರತಿ, ತೆಗೆಯಲು ಮಾಡಿದ ಯಂತ್ರ ಅದು. 1991ರಲ್ಲಿ ಅವರ ಮುದ್ರಣ ಸ್ಟುಡಿಯೋ ನ್ಯಾಶ್ ಎಡಿಷನ್ಸ್ ಶುರುವಾಯಿತು. ಅಲ್ಲಿದ್ದ ಜ್ಯಾಕ್ ಡುಗಾನ್ ಇಂಥ ಮುದ್ರಣಕ್ಕೆ 'ಜಿಕ್ಲೇ' ಅಂತ ಹೆಸರಿಟ್ಟರು. ಈಗ ಗ್ಯಾಲರಿಗಳಲ್ಲಿ ಆ ಮಾತು ಕೇಳಿರುತ್ತೀರಿ. ಐರಿಸ್‌ನದು ಡೈ ಇಂಕು, ಮೊದಮೊದಲ ಪ್ರಿಂಟುಗಳು ಬೇಗ ಮಾಸಿದವು. ಡೈ ಅಂದರೆ ನೀರಿನಲ್ಲಿ ಕರಗಿದ ಬಣ್ಣ. ಪಿಗ್ಮೆಂಟ್ ಅಂದರೆ ಕರಗದೆ ತೇಲುವ ಸಣ್ಣ ಕಣ. ಬೆಳಕಿಗೆ ಕಣ ತಡೆಯುವಷ್ಟು ಕರಗಿದ ಬಣ್ಣ ತಡೆಯುವುದಿಲ್ಲ. ಮಾರಾಟಕ್ಕೆ ತೆಗೆಯುವ ಪ್ರಿಂಟ್ ಆದರೆ ಪಿಗ್ಮೆಂಟೇ ಆಗಬೇಕು, ಇದರಲ್ಲಿ ನನಗೆ ಎರಡನೇ ಮಾತಿಲ್ಲ.

1916ರಲ್ಲಿ ಇದೇ ಊರಲ್ಲಿ ಹುಟ್ಟಿದ ಎಸ್.ಎಂ. ಪಂಡಿತರ ಚಿತ್ರಗಳು ಕ್ಯಾಲೆಂಡರ್ ಆಗಿ ಮನೆ ಮನೆಗೆ ಹೋದವು. ಮೂಲ ಚಿತ್ರ ನೋಡಿದವರು ಎಷ್ಟು ಜನ? ಮುದ್ರಣ ನೋಡಿದವರೇ ಜಾಸ್ತಿ ಅಲ್ವಾ? ಹಳೆ ಮನೆಗಳ ಗೋಡೆ ಮೇಲೆ ಕೆಂಪು ಹಾರಿಹೋಗಿ ಬರೀ ನೀಲಿ ಉಳಿದ ಕ್ಯಾಲೆಂಡರ್ ನೀವೂ ಕಂಡಿರುತ್ತೀರಿ. ನಿಮ್ಮ ಚಿತ್ರಕ್ಕೆ ಹಾಗಾಗಬಾರದು.

ಇನ್ನು ಬಣ್ಣಗಳ ಲೆಕ್ಕ. ಅಂಗಡಿಯಲ್ಲಿ ಹನ್ನೆರಡು ಬಣ್ಣ, ಹತ್ತು ಬಣ್ಣ ಅಂತ ಹೇಳುತ್ತಾರೆ. ಎಷ್ಟು ಅಂತ ಕೇಳುವುದಕ್ಕಿಂತ ಯಾವುವು ಅಂತ ಕೇಳಿ. ಬೂದು ಇಂಕು ಎರಡಾದರೂ ಇರಲಿ. ಅದಿಲ್ಲದೆ ಕಪ್ಪು-ಬಿಳುಪು ಫೋಟೋದಲ್ಲಿ ಬಣ್ಣದ ಛಾಯೆ ಹೋಗುವುದಿಲ್ಲ, ಬಿದರಿಯ ಬೆಳ್ಳಿ ಬರುವುದಿಲ್ಲ. ಆಮೇಲೆ ಹೆಚ್ಚುವರಿ ಬಣ್ಣ. ಕ್ಯಾನನ್‌ನ ಪ್ರೊ-2000 ಮತ್ತು ಪ್ರೊ-4000ದಲ್ಲಿ ಕೆಂಪು, ನೀಲಿ ಬೇರೆ ಇವೆ. ಎಪ್ಸನ್‌ನ ಪಿ-7570 ಮತ್ತು ಪಿ-9570ರಲ್ಲಿ ಕಿತ್ತಳೆ, ಹಸಿರು, ನೇರಳೆ ಇವೆ. ಬೀದರಿನ ಮಹಮೂದ್ ಗವಾನ್ ಮದರಸಾದ ಗೋಡೆಯಲ್ಲಿ ಉಳಿದಿರುವ ಹೆಂಚುಗಳ ನೀಲಿಯನ್ನು ಒಮ್ಮೆ ತೆಗೆಸಿ ನೋಡಿ. ನಾಲ್ಕು ಬಣ್ಣದಲ್ಲಿ ಅದು ನೇರಳೆಗೆ ವಾಲುತ್ತದೆ ಇಲ್ಲವೇ ಮಂಕಾಗುತ್ತದೆ. ಈ ಹೆಚ್ಚುವರಿ ಇಂಕು ಇರುವುದೇ ಅಂಥ ಬಣ್ಣಗಳಿಗೆ.

ಕಪ್ಪು ಇಂಕಿನಲ್ಲೂ ಎರಡಿವೆ. ಹೊಳೆಯುವ ಕಾಗದಕ್ಕೆ ಫೋಟೋ ಬ್ಲ್ಯಾಕ್, ಹತ್ತಿಯ ಕಾಗದಕ್ಕೆ ಮ್ಯಾಟ್ ಬ್ಲ್ಯಾಕ್. ಹಳೆಯ ಕೆಲವು ಮಷಿನ್‌ಗಳಲ್ಲಿ ಎರಡಕ್ಕೂ ಒಂದೇ ದಾರಿ. ಒಂದರಿಂದ ಇನ್ನೊಂದಕ್ಕೆ ಹೋಗುವಾಗ ಪ್ರತಿ ಸಲ ಇಂಕು ಸುಮ್ನೆ ಚೆಲ್ಲಿ ಹೋಗುತ್ತದೆ. ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಇದನ್ನು ಕೇಳದೆ ರೊಕ್ಕ ಕೊಡಬೇಡಿ. ಮೀಟರಿನಲ್ಲಿ ಅಳೆದರೆ ಹೊಳೆಯುವ ಕಾಗದದ ಕಪ್ಪೇ ಗಾಢ. ಸಾಂದ್ರತೆ, ಅಂದರೆ ಕಪ್ಪು ಎಷ್ಟು ಗಾಢ ಅನ್ನುವ ಅಳತೆ, 2.2 ದಾಟುತ್ತದೆ, ಮ್ಯಾಟ್ ಮೇಲೆ 1.6, 1.7ರ ಹತ್ತಿರ ನಿಲ್ಲುತ್ತದೆ. ಆದರೂ ಬಿದರಿಗೆ ನಾನು ಮ್ಯಾಟ್ ಆರಿಸಿದೆ. ಯಾಕೆಂದರೆ ಆ ಲೋಹದ ಕಪ್ಪೇ ಹೊಳೆಯದ ಕಪ್ಪು. ಬೆಳ್ಳಿ ಮಾತ್ರ ಮಿಂಚಬೇಕು.

ಒಂದು ಮಾತು, ಚಿನ್ನ ಹಚ್ಚಿ ಸುರಪುರ ಶೈಲಿಯ ಚಿತ್ರ ಬರೆಯುವವರಿಗೆ. ನಿಮ್ಮ ಚಿತ್ರಗಳ ಚಿನ್ನ ಈ ಯಾವ ಯಂತ್ರದಲ್ಲೂ ಬರುವುದಿಲ್ಲ. ಕಂದು ಹಳದಿ ಬರುತ್ತದೆ, ಅಷ್ಟೇ. ಚಿನ್ನವನ್ನು ಪ್ರಿಂಟ್ ಆದ ಮೇಲೆ ಕೈಯಿಂದಲೇ ಹಚ್ಚಬೇಕು.

ಅಗಲ ಎಷ್ಟು ಬೇಕು? ನಮ್ಮ ಚಿತ್ರಕಲಾ ಶಾಲೆಗಳಲ್ಲಿ ಇಂಪೀರಿಯಲ್ ಶೀಟ್ ಅಂತೀವಲ್ಲ, 22 ಇಂಚು ಅಗಲ, 30 ಇಂಚು ಉದ್ದ. ಜಲವರ್ಣದವರು ಅದರಲ್ಲಿ ಇಲ್ಲವೇ ಅದರ ಅರ್ಧದಲ್ಲಿ ಕೆಲಸ ಮಾಡುತ್ತಾರೆ. 24 ಇಂಚಿನ ರೋಲ್ ಮೇಲೆ ಪೂರ್ತಿ ಇಂಪೀರಿಯಲ್ ಚಿತ್ರ ಮೂಲ ಅಳತೆಯಲ್ಲೇ ಕೂರುತ್ತದೆ, ಎರಡೂ ಕಡೆ ಒಂದೊಂದು ಇಂಚು ಬಿಳಿ ಅಂಚು ಉಳಿಯುತ್ತದೆ. ಕ್ಯಾನ್ವಾಸ್ ಮೇಲೆ ಮೂರು ಅಡಿ, ನಾಲ್ಕು ಅಡಿ ಮಾಡುವವರಾದರೆ 36 ಇಂಚು, ಚೌಕಟ್ಟಿಗೆ ಮಡಚಲು ಎರಡೂ ಕಡೆ ಮೂರು ಮೂರು ಇಂಚು, ಒಟ್ಟು 42. ಆಗ 44 ಇಂಚಿನ ಮಷಿನ್ನೇ ಬೇಕು. ಅದು ನೂರು ಕೆಜಿ ದಾಟುತ್ತದೆ, ಬಾಗಿಲು, ಮೆಟ್ಟಿಲು ಮೊದಲೇ ಅಳೆದುಕೊಳ್ಳಿ. ಇಲ್ಲಿರುವ ಹೆಚ್ಚಿನವರಿಗೆ 24 ಸಾಕು ಅಂತಲೇ ನನ್ನ ಅಭಿಪ್ರಾಯ. ಉಳಿದ ದುಡ್ಡನ್ನು ಒಳ್ಳೆಯ ಸ್ಕ್ಯಾನಿಗೆ ಹಾಕಿ. 22ಕ್ಕೆ 30 ಇಂಚಿನ ಪ್ರಿಂಟ್ ಇಂಚಿಗೆ 300 ಚುಕ್ಕಿಯಂತೆ ಬರಬೇಕಾದರೆ ಫೈಲು 6600ಕ್ಕೆ 9000 ಪಿಕ್ಸೆಲ್ ಇರಬೇಕು. 24 ಮೆಗಾಪಿಕ್ಸೆಲ್ ಕ್ಯಾಮೆರಾದ ಒಂದೇ ಫೋಟೋ ಇಂಚಿಗೆ ಸುಮಾರು 180ಕ್ಕೆ ನಿಲ್ಲುತ್ತದೆ. ಭಾಗ ಭಾಗವಾಗಿ ಫೋಟೋ ತೆಗೆದು ಜೋಡಿಸಬೇಕು.

ಈಗ ಹೆಡ್. ಕಲಬುರಗಿಯಲ್ಲಿ ಮಷಿನ್ ಇಡುವವರು ಹೆಚ್ಚು ಯೋಚಿಸಬೇಕಾದದ್ದು ಇದರ ಬಗ್ಗೆ. ಇಂಕು ಉಗುಳುವುದು ಹೆಡ್. ಎಪ್ಸನ್‌ನದು ಪೀಜೋ. ಕರೆಂಟ್ ಕೊಟ್ಟಾಗ ಒಂದು ಹರಳು ಬಾಗಿ ಇಂಕನ್ನು ದೂಡುತ್ತದೆ. ಬಾಳಿಕೆ ಜಾಸ್ತಿ, ಆದರೆ ಕೆಟ್ಟರೆ ಎಂಜಿನಿಯರೇ ಬರಬೇಕು. ಕ್ಯಾನನ್, ಎಚ್‌ಪಿ ಹೆಡ್‌ಗಳಲ್ಲಿ ಇಂಕು ಕಾದು ಗುಳ್ಳೆ ಎದ್ದು ಹನಿ ಹೊರಬರುತ್ತದೆ. ಈ ಹೆಡ್ ಸವೆಯುತ್ತದೆ, ಆದರೆ ನಾವೇ ತೆಗೆದು ಹೊಸದು ಹಾಕಬಹುದು. ಕ್ಯಾನನ್‌ನ ಪ್ರೊ-2000, ಪ್ರೊ-4000ದ ಹೆಡ್‌ನಲ್ಲಿ 18,432 ನಾಝಲ್, ಅಂದರೆ ಇಂಕು ಹೊರಬರುವ ಸಣ್ಣ ತೂತುಗಳು, ಇವೆ. ಒಂದು ಕಟ್ಟಿಕೊಂಡರೆ ಯಂತ್ರ ಅದನ್ನು ಗುರುತಿಸಿ ಬೇರೆ ನಾಝಲಿನಿಂದ ಆ ಕೆಲಸ ಮಾಡಿಸುತ್ತದೆ. ಸರ್ವಿಸ್‌ನವರು ಹೈದರಾಬಾದಿನಿಂದಲೋ ಬೆಂಗಳೂರಿನಿಂದಲೋ ಬರಬೇಕಾದ ಊರಲ್ಲಿ ಇದು ಸಣ್ಣ ಮಾತಲ್ಲ.

ನನಗಾದದ್ದನ್ನು ಹೇಳುತ್ತೇನೆ. ಮೇ ತಿಂಗಳು, ಮಧ್ಯಾಹ್ನ. ನಿವೃತ್ತ ಡ್ರಾಯಿಂಗ್ ಮಾಸ್ತರೊಬ್ಬರ ಪ್ರದರ್ಶನಕ್ಕೆ ಹನ್ನೆರಡು ಪ್ರಿಂಟ್ ತೆಗೆಯುತ್ತಿದ್ದೆ. ಏಳನೆಯದು ಅರ್ಧ ಆಗಿತ್ತು, ಕರೆಂಟ್ ಹೋಯಿತು. ಯುಪಿಎಸ್ ಬ್ಯಾಟರಿ ಹಳೆಯದು, ಎರಡು ನಿಮಿಷವೂ ನಿಲ್ಲಲಿಲ್ಲ. ಹೆಡ್ ಹಾಳೆಯ ನಡುವೆಯೇ ನಿಂತುಬಿಟ್ಟಿತು. ಬಟನ್ ಒತ್ತಿ ಆರಿಸಿದರೆ ಹೆಡ್ ಮೂಲೆಗೆ ಹೋಗಿ ಮುಚ್ಚಳದ ಮೇಲೆ ಕೂರುತ್ತದೆ, ಒಣಗುವುದಿಲ್ಲ. ಇದು ಬಾಯಿ ತೆರೆದುಕೊಂಡೇ ಐದು ತಾಸು ನಿಂತಿತು. ಗೋಡೆಯ ತೇವಾಂಶದ ಮೀಟರ್ 20 ತೋರಿಸುತ್ತಿತ್ತು. ಈ ಯಂತ್ರಗಳಿಗೆ 40ರಿಂದ 60 ಇದ್ದರೆ ಹಿತ. ಸಂಜೆ ಕರೆಂಟ್ ಬಂದ ಮೇಲೆ ನಾಝಲ್ ಚೆಕ್ ತೆಗೆದೆ. ಏಣಿಯ ಹಾಗೆ ಸಣ್ಣ ಗೆರೆಗಳ ಮಾದರಿ ಬರುತ್ತದಲ್ಲ, ತಿಳಿ ಬೂದು ಇರಬೇಕಾದ ಜಾಗ ಪೂರ್ತಿ ಖಾಲಿ. ಕ್ಲೀನಿಂಗ್ ಮೇಲೆ ಕ್ಲೀನಿಂಗ್ ಮಾಡಿದೆ, ಇಂಕು ಹೋಯಿತೇ ವಿನಾ ಗೆರೆ ಮೂಡಲಿಲ್ಲ. ಎಂಜಿನಿಯರ್ ಬರಲು ಒಂಬತ್ತು ದಿನ. ಮಾಸ್ತರು ಆರೇ ಚಿತ್ರ ಇಟ್ಟು ಪ್ರದರ್ಶನ ಮಾಡಿದರು. ಒಂದು ಮಾತೂ ಅನ್ನಲಿಲ್ಲ. ಗೋಡೆಯ ಮೇಲೆ ಖಾಲಿ ಉಳಿದ ಆ ಜಾಗ ನನ್ನ ಕಣ್ಣಿಂದ ಇನ್ನೂ ಹೋಗಿಲ್ಲ.

ಅದಕ್ಕೇ ಹೇಳುತ್ತಿದ್ದೇನೆ, ಮಷಿನ್ ಜೊತೆಗೇ ಆನ್‌ಲೈನ್ ಯುಪಿಎಸ್, ಅಂದರೆ ಕರೆಂಟ್ ಹೋದಾಗ ಒಂದು ಕ್ಷಣವೂ ಕಡಿಯದ ಯುಪಿಎಸ್, ಅದರ ಖರ್ಚು ಸೇರಿಸಿ ಲೆಕ್ಕ ಹಾಕಿ. ಮನೆಯ ಇನ್ವರ್ಟರ್ ಸಾಲದು. ಕರೆಂಟ್ ಬದಲಾಗುವ ಆ ಒಂದು ಕ್ಷಣಕ್ಕೆ ಕೆಲವೊಮ್ಮೆ ಯಂತ್ರ ಆರಿ ಹತ್ತುತ್ತದೆ. ಕೂಲರ್ ಗಾಳಿಯನ್ನು ಪ್ರಿಂಟರಿಗೆ ನೇರ ಬಿಡಬೇಡಿ, ಅದು ತೇವದ ಜೊತೆ ಧೂಳನ್ನೂ ತರುತ್ತದೆ. ಏಸಿ ಹಾಕಿದರೆ ಗಾಳಿ ಇನ್ನೂ ಒಣಗುತ್ತದೆ, ಪಕ್ಕದಲ್ಲಿ ಒಂದು ಹ್ಯುಮಿಡಿಫೈಯರ್ ಇರಲಿ. ನಮ್ಮ ಕಪ್ಪು ಮಣ್ಣಿನ ಧೂಳು ಕಿಟಕಿ ಸಂದಿಯಲ್ಲೂ ನುಗ್ಗುತ್ತದೆ. ಕೆಲಸ ಮುಗಿದ ಮೇಲೆ ಮಷಿನ್ ಮೇಲೆ ಹೊದಿಕೆ ಹಾಕಿ. ಹತ್ತಿ ಕಾಗದವನ್ನು ಪ್ರಿಂಟಿಗೆ ಮುಂಚೆ ಮೆತ್ತನೆ ಬ್ರಷ್‌ನಿಂದ ಗುಡಿಸಿ. ಒಂದು ನಾರು ಮೇಲಿದ್ದರೂ ಅದರ ಮೇಲೆ ಇಂಕು ಬೀಳುತ್ತದೆ. ಆಮೇಲೆ ನಾರು ಉದುರಿದಾಗ ಹೂಜಿಯ ಕಪ್ಪಿನಲ್ಲಿ ಬಿಳಿ ಚುಕ್ಕಿ. ಹಾಳೆ ತಿರುಗಿಸಿ ಹಿಡಿದು ನೋಡಿ, ಎರಡನೆಯ ಪ್ರಿಂಟಿನಲ್ಲಿ ಹೂಜಿಯ ಕುತ್ತಿಗೆ ಹತ್ತಿರ ಅಂಥದ್ದು ಒಂದಿದೆ.

ಇನ್ನೊಂದು ಮಾತು, ಇದು ಕೆಲವರಿಗೆ ಬೇಸರ ತರಬಹುದು. ವಾರಕ್ಕೆ ಎರಡು ಸಲವಾದರೂ ಪ್ರಿಂಟ್ ತೆಗೆಯುವಷ್ಟು ಕೆಲಸ ಇಲ್ಲದಿದ್ದರೆ ದಯವಿಟ್ಟು ತಗೋಬೇಡಿ. ಖಾಲಿ ನಿಂತರೆ ಇಂಕು ಒಣಗುತ್ತದೆ. ಒಣಗದ ಹಾಗೆ ಯಂತ್ರ ತಾನೇ ಕ್ಲೀನ್ ಮಾಡಿಕೊಂಡರೆ ಇಂಕು ಖರ್ಚಾಗುತ್ತದೆ. ಎರಡೂ ಕಡೆ ನಷ್ಟ. ಐದಾರು ಜನ ಕಲಾವಿದರು ಸೇರಿ ಒಂದು ತಗೊಳ್ಳಿ, ಕೆಲಸ ಹಂಚಿಕೊಳ್ಳಿ. ಈ ಊರಲ್ಲಿ ಅಂಥದ್ದು ಆಗಬೇಕು ಅಂತ ನನಗೆ ತುಂಬಾ ಆಸೆ ಇದೆ. ನಾನೂ ಕೈ ಜೋಡಿಸುತ್ತೇನೆ.

ಕೊಳ್ಳುವ ಮುಂಚೆ ಡೀಲರ್ ತೋರಿಸುವ ಗಿಳಿ, ಹಣ್ಣಿನ ಫೋಟೋ ನೋಡಿ ಒಪ್ಪಬೇಡಿ. ಅವು ಎಲ್ಲದರಲ್ಲೂ ಚೆನ್ನಾಗಿಯೇ ಬರುತ್ತವೆ. ಪೆನ್‌ಡ್ರೈವ್‌ನಲ್ಲಿ ನಿಮ್ಮದೇ ಚಿತ್ರ ಒಯ್ಯಿರಿ. ನೀವು ಬಳಸುವ ಕಾಗದವನ್ನೂ, ಅದರ ಐಸಿಸಿ ಪ್ರೊಫೈಲನ್ನೂ ಒಯ್ಯಿರಿ. ಪ್ರೊಫೈಲ್ ಅಂದರೆ ಈ ಇಂಕು ಈ ಕಾಗದದ ಮೇಲೆ ಹೇಗೆ ಕಾಣುತ್ತದೆ ಅಂತ ಕಂಪ್ಯೂಟರಿಗೆ ಹೇಳುವ ಲೆಕ್ಕ. ತಪ್ಪು ಪ್ರೊಫೈಲ್ ಹಾಕಿದರೆ ಎಂಥ ಮಷಿನ್ ಆದರೂ ಬಣ್ಣ ಕೆಡಿಸುತ್ತದೆ.

ಹಾಳೆಗಳು ಹಿಂದಿನ ಸಾಲಿಗೆ ತಲುಪಿದವಾ? ಟ್ಯೂಬ್‌ಲೈಟ್ ಕೆಳಗೆ ನೋಡಿದ್ದೀರಿ, ಈಗ ಎರಡನ್ನೂ ಆ ಕಿಟಕಿ ಹತ್ತಿರ ಒಯ್ದು ನೋಡಿ. ಬೆಳ್ಳಿ ಎರಡರಲ್ಲೂ ಎಷ್ಟು ಬದಲಾಯಿತು ಅಂತ ನನಗೆ ಹೇಳಿ, ಅಲ್ಲಿಂದಲೇ ಪ್ರಶ್ನೆಗಳನ್ನು ಶುರು ಮಾಡೋಣ.