‘ಲೇಟೆಸ್ಟ್’ ಅಂತ ಕೊಟ್ಟೆ, ಅಕ್ಕನ ಫೋಟೋ ಬಂತು | ಬ್ಯಾಕಪ್‌ನಿಂದ ಅಪ್ಪಯ್ಯನ ಮಳೆ ಲೆಕ್ಕ

ನಮಸ್ಕಾರ. ಹಿಂದೆ ಕೇಳುತ್ತಿರುವುದು ಹೆಂಚಿನ ಮೇಲೆ ಬೀಳುವ ಮಳೆ. ಮೈಕಿನಿಂದ ತೆಗೆಯಲು ಹೋಗಲಿಲ್ಲ, ಇರಲಿ. ಊರಿಗೆ ಬಂದಿದ್ದೇನೆ, ಹೊಸನಗರದ ಹತ್ತಿರ. ಪರದೆಯಲ್ಲಿರುವುದು ಟರ್ಮಿನಲ್, ಅಂದರೆ ಕಮಾಂಡ್ ಟೈಪ್ ಮಾಡುವ ಕಿಟಕಿ, ಇವತ್ತಿನ ಕೆಲಸ ಪೂರ್ತಿ ಅದರಲ್ಲೇ.

ನಿನ್ನೆ ರಾತ್ರಿ ಊಟಕ್ಕೆ ಕೂತಾಗ ಅಪ್ಪಯ್ಯ ಕೇಳಿದರು, "94ರಲ್ಲಿ ಆಶ್ಲೇಷ ಮಳೆ ಎಷ್ಟು ಇಂಚು ಬಿದ್ದಿತ್ತು, ನಿನ್ನ ಕಂಪ್ಯೂಟರಲ್ಲಿ ನೋಡಿ ಹೇಳೋ." ಅವರು 1987ರಿಂದ ಮಳೆ ಲೆಕ್ಕ ಬರೆಯುತ್ತಿದ್ದಾರೆ. ಅಂಗಳದಲ್ಲಿ ಮಾಪಕ ಇದೆ, ದಿನಾ ಬೆಳಿಗ್ಗೆ ಎಂಟೂವರೆಗೆ ಅಳೆಯುತ್ತಾರೆ. ಹವಾಮಾನ ಇಲಾಖೆಯೂ ದಿನದ ಲೆಕ್ಕವನ್ನು ಅದೇ ಹೊತ್ತಿಗೆ ಮುಗಿಸುತ್ತದೆ, ಅಪ್ಪಯ್ಯನಿಗೆ ಅದು ರೇಡಿಯೋ ಕಾಲದಿಂದಲೂ ಗೊತ್ತು. ನೋಟ್‌ಬುಕ್ಕುಗಳನ್ನು ನಾನು ಸ್ಕ್ಯಾನ್ ಮಾಡಿದ್ದೆ. 2022ರವರೆಗೆ, ವರ್ಷಕ್ಕೊಂದು ಫೈಲ್, ಒಟ್ಟು 36. ಆಮೇಲೆ ಅಟ್ಟದ ಮೇಲಿದ್ದ ಪೆಟ್ಟಿಗೆಗೆ ಗೆದ್ದಲು ಹಿಡಿದು, 90ರಿಂದ 96ರವರೆಗಿನ ಪುಸ್ತಕಗಳು ಹೋದವು. ಅಂದರೆ ಆ ಏಳು ವರ್ಷದ ಮಳೆ ಈಗ ಇರುವುದು ಸ್ಕ್ಯಾನ್‌ನಲ್ಲಿ ಮಾತ್ರ.

ಲ್ಯಾಪ್‌ಟಾಪ್ ತೆರೆದೆ. ಫೋಲ್ಡರ್ ಇಲ್ಲ.

ಗಾಬರಿ ಆಯಿತು, ನಿಜ. ಆದರೂ ರೆಸ್ಟಿಕ್ ಇದೆಯಲ್ಲ ಅಂತ ಧೈರ್ಯ ಇತ್ತು. ಗೊತ್ತಿಲ್ಲದವರಿಗೆ ಒಂದೇ ಮಾತಲ್ಲಿ ಹೇಳುತ್ತೇನೆ. ಇದು ಬ್ಯಾಕಪ್ ತೆಗೆಯುವ ಉಚಿತ ಪ್ರೋಗ್ರಾಂ, ಗೋ ಭಾಷೆಯಲ್ಲಿ ಬರೆದದ್ದು, ಅಲೆಕ್ಸಾಂಡರ್ ನ್ಯೂಮನ್ ಶುರು ಮಾಡಿದ್ದು. ಫೈಲುಗಳನ್ನು ಸುಮಾರು ಒಂದೊಂದು ಎಂಬಿಯ ಚೂರು ಮಾಡಿ, ಬೀಗ ಹಾಕಿ ಇಡುತ್ತದೆ. ಮೊದಲೇ ಇರುವ ಚೂರನ್ನು ಮತ್ತೆ ಕಳಿಸುವುದಿಲ್ಲ, ಹಾಗಾಗಿ ದಿನಾ ಬ್ಯಾಕಪ್ ತೆಗೆದರೂ ಜಾಗ ಜಾಸ್ತಿ ಬೇಡ. ಪಾಸ್‌ವರ್ಡ್ ಕಳೆದರೆ ಮಾತ್ರ ಎಲ್ಲ ಹೋದ ಹಾಗೆ, ಅದನ್ನು ಯಾರೂ ತೆಗೆದುಕೊಡಲಾರರು. ನನ್ನದನ್ನು ಕಾಗದದಲ್ಲಿ ಬರೆದು ಅಮ್ಮನ ಬೀರುವಿನಲ್ಲಿ ಇಟ್ಟಿದ್ದೇನೆ.

ಈಗ ಈ ಶಾಟ್ ನೋಡಿ. ರೆಸ್ಟಿಕ್ ರಿಸ್ಟೋರ್ ಲೇಟೆಸ್ಟ್, ಡ್ಯಾಶ್ ಡ್ಯಾಶ್ ಟಾರ್ಗೆಟ್, ಒಂದು ಖಾಲಿ ಫೋಲ್ಡರ್. ಎಂಟರ್ ಒತ್ತಿದೆ. ಈ ಮನೆಯ ನೆಟ್ ಒಳ್ಳೆ ದಿನದಲ್ಲಿ 40 ಎಂಬಿಪಿಎಸ್. 14 ಜಿಬಿ ಇಳಿಯಬೇಕಿತ್ತು. ಮುಕ್ಕಾಲು ಗಂಟೆ ಕಾದೆ. ಮಧ್ಯೆ ಒಂದು ಸಲ ಕರೆಂಟ್ ಹೋಗಿ ಬಂತು, ರೌಟರ್ ಇನ್ವರ್ಟರ್ ಮೇಲಿದ್ದದ್ದಕ್ಕೆ ಬಚಾವ್. ಮುಗಿದ ಮೇಲೆ ತೆರೆದು ನೋಡಿದರೆ ಅಕ್ಕನ ಮಗಳ ಶಾಲೆಯ ವಾರ್ಷಿಕೋತ್ಸವದ ಫೋಟೋ, ಅಕ್ಕನ ಆಫೀಸಿನ ಫೈಲು, ಭಾವನ ಕಾರಿನ ಇನ್ಶೂರೆನ್ಸು. ನನ್ನದು ಒಂದೂ ಇಲ್ಲ!

ಯಾಕೆ ಅಂದರೆ, ಮೈಸೂರಿನಲ್ಲಿರುವ ಅಕ್ಕನ ಲ್ಯಾಪ್‌ಟಾಪ್ ಕೂಡ ಇದೇ ರೆಪಾಸಿಟರಿಗೆ, ಅಂದರೆ ಬ್ಯಾಕಪ್ ಕೂಡಿಡುವ ಜಾಗಕ್ಕೆ, ಬ್ಯಾಕಪ್ ಆಗುತ್ತದೆ. ಬಾಡಿಗೆ ಸರ್ವರಿಗೆ ತಿಂಗಳಿಗೆ 350 ರೂಪಾಯಿ, ಇಬ್ಬರೂ ಹಂಚಿಕೊಳ್ಳೋಣ ಅಂತ ಹಾಗೆ ಮಾಡಿದ್ದೆವು. ಲೇಟೆಸ್ಟ್ ಅಂದರೆ ರೆಪಾಸಿಟರಿಯಲ್ಲಿ ಕೊನೆಗೆ ಸೇರಿದ ಸ್ನ್ಯಾಪ್‌ಶಾಟ್. ಒಂದು ಸಲ ತೆಗೆದ ಬ್ಯಾಕಪ್ಪಿಗೆ ಸ್ನ್ಯಾಪ್‌ಶಾಟ್ ಅನ್ನುತ್ತಾರೆ. ಯಾರದ್ದು ಅಂತ ಅದು ಕೇಳುವುದಿಲ್ಲ. ನನ್ನದು ರಾತ್ರಿ ಒಂದಕ್ಕೆ ಹೋಗುತ್ತದೆ, ಅಕ್ಕನದು ಎರಡಕ್ಕೆ. ಹಾಗಾಗಿ ಲೇಟೆಸ್ಟ್ ಯಾವಾಗಲೂ ಅಕ್ಕನದೇ. ಡ್ಯಾಶ್ ಡ್ಯಾಶ್ ಹೋಸ್ಟ್ ಅಂತ ಮೆಷಿನ್ ಹೆಸರು ಕೊಡಬೇಕಿತ್ತು. ಇದು ಮ್ಯಾನುವಲ್‌ನಲ್ಲಿದೆ, ನಾನೂ ಓದಿದ್ದೆ, ಆದರೆ ಕೈ ಓಡುವಾಗ ಅದೆಲ್ಲ ನೆನಪಾಗುವುದಿಲ್ಲ ಅಲ್ವಾ? ಒಂದು ರೆಪಾಸಿಟರಿಗೆ ಒಂದಕ್ಕಿಂತ ಜಾಸ್ತಿ ಮೆಷಿನ್ ಇದ್ದರೆ ದಯವಿಟ್ಟು ಲೇಟೆಸ್ಟ್ ಅನ್ನುವ ಪದವನ್ನೇ ಮರೆತುಬಿಡಿ. ಮೊದಲು ರೆಸ್ಟಿಕ್ ಸ್ನ್ಯಾಪ್‌ಶಾಟ್ಸ್ ಕೊಟ್ಟು ಪಟ್ಟಿ ನೋಡಿ. ಐಡಿ, ಸಮಯ, ಹೋಸ್ಟ್, ಪಾತ್ (ಫೋಲ್ಡರಿನ ದಾರಿ), ಎಲ್ಲ ಸಾಲಾಗಿ ಬರುತ್ತದೆ. ಆಮೇಲೆ ಎಂಟು ಅಕ್ಷರದ ಐಡಿಯನ್ನೇ ಕಾಪಿ ಮಾಡಿ ಕೊಡಿ.

ಸರಿ, ಈ ಸಲ ಹೋಸ್ಟ್ ಕೊಟ್ಟೆ, ಫೋಲ್ಡರ್ ಹೆಸರನ್ನೂ ಇನ್‌ಕ್ಲೂಡ್‌ನಲ್ಲಿ ಕೊಟ್ಟೆ. ಏನೂ ಬರಲಿಲ್ಲ. ಆಗ ನಿಜವಾಗಿ ಹೆದರಿಕೆ ಆಯಿತು. ಬ್ಯಾಕಪ್ ಅದರ ಪಾಡಿಗೆ ಸರಿಯಾಗಿಯೇ ನಡೆಯುತ್ತಿದೆ. ಫೋಲ್ಡರ್ ಅಳಿಸಿದ ದಿನದಿಂದ, ಅದಿಲ್ಲದ ಡಿಸ್ಕನ್ನೇ ಶ್ರದ್ಧೆಯಿಂದ ಪ್ರತಿ ರಾತ್ರಿ ಕಾಪಿ ಮಾಡಿ ಇಟ್ಟಿದೆ. ಹಾಗಾದರೆ ಅಳಿಸಿದ್ದು ಯಾವಾಗ?

ಇಲ್ಲಿ ನನಗೆ ತುಂಬಾ ಇಷ್ಟವಾದ ಕಮಾಂಡ್ ಬರುತ್ತದೆ. ರೆಸ್ಟಿಕ್ ಫೈಂಡ್, ಕೋಟ್ ಒಳಗೆ ಮಳೆ ಡ್ಯಾಶ್ ಸ್ಟಾರ್. ಕೋಟ್ ಮರೆಯಬೇಡಿ, ಇಲ್ಲದಿದ್ದರೆ ಶೆಲ್, ಅಂದರೆ ಟರ್ಮಿನಲ್‌ನಲ್ಲಿ ಕಮಾಂಡ್ ಓದುವ ಪ್ರೋಗ್ರಾಂ, ಆ ಸ್ಟಾರನ್ನು ತಾನೇ ನುಂಗಬಹುದು. ಇದು ಎಲ್ಲ ಸ್ನ್ಯಾಪ್‌ಶಾಟ್‌ಗಳನ್ನೂ ಜಾಲಾಡಿ, ಯಾವುದರಲ್ಲಿ ಆ ಹೆಸರಿನ ಫೈಲ್ ಇದೆ ಅಂತ ಹೇಳುತ್ತದೆ. ನೋಡಿ, ಬಂದದ್ದು ಒಂದೇ ಒಂದು ಸ್ನ್ಯಾಪ್‌ಶಾಟ್. ಮಾರ್ಚ್ 31. ಅಂದರೆ ಅಳಿಸಿದ್ದು ಅದಾದ ಮೇಲೆ.

ಒಂದೇ ಯಾಕೆ ಅಂದರೆ, ಹಳೆಯದನ್ನು ಕಳೆಯುವ ಫರ್ಗೆಟ್ ಕಮಾಂಡಿಗೆ ನಾನು ಕೊಟ್ಟ ಲೆಕ್ಕ ಹೀಗಿತ್ತು. ದಿನದ್ದು 7, ವಾರದ್ದು 4, ತಿಂಗಳದ್ದು 6 ಉಳಿಸು, ಬಾಕಿ ಬೇಡ. ತಿಂಗಳದ್ದು ಅಂದರೆ ಆ ತಿಂಗಳ ಕೊನೆಯ ಸ್ನ್ಯಾಪ್‌ಶಾಟ್. ಈಗ ಆಗಸ್ಟ್. ಆಗಸ್ಟ್, ಜುಲೈ, ಜೂನ್, ಮೇ, ಏಪ್ರಿಲ್, ಮಾರ್ಚ್. ಬೆರಳು ಮಡಚಿ ಎಣಿಸಿ. ಸೆಪ್ಟೆಂಬರ್ ಮೊದಲ ದಿನ ಬ್ಯಾಕಪ್ ಆಗಿ ಫರ್ಗೆಟ್ ಓಡಿದ್ದರೆ ಮಾರ್ಚ್ ಹೋಗುತ್ತಿತ್ತು. ಏಳು ವರ್ಷದ ಮಳೆ ಅದರ ಜೊತೆಗೇ ಹೋಗುತ್ತಿತ್ತು. ಆಶ್ಲೇಷ ಮಳೆ ಹಿಡಿಯದೆ ಇದ್ದಿದ್ದರೆ, ಅಪ್ಪಯ್ಯ ಊಟದ ಹೊತ್ತಿಗೆ ಆ ಮಾತು ಎತ್ತದೆ ಇದ್ದಿದ್ದರೆ, ನಾನು ಈ ಫೋಲ್ಡರನ್ನು ದೀಪಾವಳಿವರೆಗೂ ನೋಡುತ್ತಿರಲಿಲ್ಲ. ಇದನ್ನು ಎಡಿಟ್ ಮಾಡುವಾಗಲೂ ಹೊಟ್ಟೆಯಲ್ಲಿ ಏನೋ ಆಗುತ್ತಿದೆ.

ಅಮ್ಮ ಕಾಫಿ ತಂದರು, ಆ ಕೈ ಅವರದ್ದೇ. ಅಮ್ಮನ ಪ್ರಕಾರ ಇದಕ್ಕೆಲ್ಲ ಪರಿಹಾರ ಜೆರಾಕ್ಸ್. ಮೊದಲು ವಾದ ಮಾಡಿದೆ, ಈಗ ಅನಿಸುತ್ತಿದೆ, ಆ ಏಳು ವರ್ಷದ್ದನ್ನಾದರೂ ಪ್ರಿಂಟ್ ತೆಗೆಸಿ ಇಡಬೇಕು. ಸರಿ, ಶಾಟ್ ಮುಗಿಯಿತು, ಮುಂದೆ ಹೋಗೋಣ.

ಮೊದಲು ಮಾಡಿದ್ದು ಆ ಸ್ನ್ಯಾಪ್‌ಶಾಟಿಗೆ ಒಂದು ಟ್ಯಾಗ್ ಹಾಕಿದ್ದು, ಸ್ಕ್ರಿಪ್ಟಿನಲ್ಲಿ ಫರ್ಗೆಟ್ ಜೊತೆ ಕೀಪ್ ಟ್ಯಾಗ್ ಸೇರಿಸಿದ್ದು. ಇನ್ನು ಅದನ್ನು ಯಾವ ಲೆಕ್ಕವೂ ಅಳಿಸುವುದಿಲ್ಲ. ಟ್ಯಾಗ್ ಹಾಕಿದರೆ ಐಡಿ ಬದಲಾಗುತ್ತದೆ, ಪಟ್ಟಿ ಮತ್ತೆ ನೋಡಿಕೊಳ್ಳಿ. ವರ್ಷದ ಲೆಕ್ಕವೂ ಈಗ ಸೇರಿದೆ, ಕೀಪ್ ಇಯರ್ಲಿ 10.

ವಾಪಸ್ ತರುವ ಮುಂಚೆ ಮೌಂಟ್ ಮಾಡಿ ಇಣುಕಿ ನೋಡಿದೆ. ಲಿನಕ್ಸ್‌ನಲ್ಲಿ ರೆಸ್ಟಿಕ್ ಮೌಂಟ್ ಕೊಟ್ಟರೆ ಎಲ್ಲ ಸ್ನ್ಯಾಪ್‌ಶಾಟ್‌ಗಳು ಮಾಮೂಲಿ ಫೋಲ್ಡರ್ ಹಾಗೆ ಕಾಣುತ್ತವೆ. ಇದೇ ಬೆಸ್ಟ್, ಬೇರೆ ಏನೂ ಬೇಡ ಅಂದುಕೊಂಡೆ. ಒಂದು ಸ್ಕ್ಯಾನ್ ತೆರೆಯಲು ಹೋದೆ, ಈ ನೆಟ್‌ನಲ್ಲಿ ಅದು ತೆರೆಯುವಷ್ಟರಲ್ಲಿ ಕಾಫಿ ಆರಿತು. ಬೇಡ, ರಿಸ್ಟೋರೇ ಸರಿ. ಐಡಿ ಆದ ಮೇಲೆ ಕೋಲನ್ ಹಾಕಿ ಫೋಲ್ಡರಿನ ಪೂರ್ತಿ ಪಾತ್ ಕೊಡಿ, ಆಗ ಅದರೊಳಗಿನದ್ದು ಮಾತ್ರ ನೇರವಾಗಿ ಬರುತ್ತದೆ. ಕೋಲನ್ ಇಲ್ಲದಿದ್ದರೆ ಟಾರ್ಗೆಟ್ ಒಳಗೆ ಹೋಮ್, ಅದರೊಳಗೆ ಯೂಸರ್, ಅದರೊಳಗೆ ಇನ್ನೊಂದು ಅಂತ ಪೂರ್ತಿ ದಾರಿಯನ್ನೇ ಕಟ್ಟುತ್ತದೆ. ಕೊನೆಗೆ ಡ್ಯಾಶ್ ಡ್ಯಾಶ್ ವೆರಿಫೈ. ಬರೆದ ಫೈಲನ್ನು ಮತ್ತೆ ಓದಿ ತಾಳೆ ನೋಡುತ್ತದೆ.

36 ಸ್ಕ್ಯಾನೂ ಬಂದವು.

ಇನ್ನು ಚೆಕ್. ಸುಮ್ನೆ ರೆಸ್ಟಿಕ್ ಚೆಕ್ ಕೊಟ್ಟು, ದೋಷ ಇಲ್ಲ ಅಂತ ಬಂದರೆ ನಾನು ಇಷ್ಟು ದಿನ ನೆಮ್ಮದಿಯಾಗಿ ಮಲಗುತ್ತಿದ್ದೆ. ಅದು ಸಾಲದು. ಮಂಡಿಗೆ ಹೋಗುವ ಅಡಿಕೆ ಮೂಟೆ ನೆನೆಸಿಕೊಳ್ಳಿ. ಬರೀ ಚೆಕ್ ಅಂದರೆ ಪುಸ್ತಕ ಹಿಡಿದು ಮೂಟೆ ಎಣಿಸಿದ ಹಾಗೆ. ಒಳಗಿನ ಅಡಿಕೆಗೆ ಬೂಸಲು ಬಂದಿದೆಯಾ ಅಂತ ನೋಡಲು ಮೂಟೆ ಬಿಚ್ಚಬೇಕು, ಅದು ರೀಡ್ ಡೇಟಾ. ಅಲ್ಲಿ ಚೂರುಗಳನ್ನು ತುಂಬಿಟ್ಟ ಪ್ರತಿ ಪ್ಯಾಕ್ ಫೈಲಿನ ಹೆಸರೇ ಅದರ ಒಳಗಿನದ್ದರ ಶಾ-256 ಮೊತ್ತ, ಅಂದರೆ ಒಳಗಿನದ್ದರಿಂದ ಲೆಕ್ಕ ಹಾಕಿದ, ಬೆರಳಚ್ಚಿನಂಥ ಗುರುತು. ಓದಿ ಲೆಕ್ಕ ಹಾಕಿದಾಗ ಹೆಸರಿಗೆ ಹೊಂದದಿದ್ದರೆ ಆ ಪ್ಯಾಕ್ ಕೆಟ್ಟಿದೆ. ಆದರೆ ನಮ್ಮ ರೆಪಾಸಿಟರಿ 210 ಜಿಬಿ. ಈ ನೆಟ್‌ನಲ್ಲಿ ಪೂರ್ತಿ ಇಳಿಸಿ ಓದುವುದು ಆಗದ ಮಾತು. ಅದಕ್ಕೆ ರೀಡ್ ಡೇಟಾ ಸಬ್‌ಸೆಟ್ ಇದೆ. ಇವತ್ತು 1/20, ನಾಳೆ 2/20. ಇಪ್ಪತ್ತು ದಿನಕ್ಕೆ ಎಲ್ಲ ಮೂಟೆ ಬಿಚ್ಚಿದ ಹಾಗಾಯಿತು. ದಿನಕ್ಕೆ ಹತ್ತೂವರೆ ಜಿಬಿ, ಅರ್ಧ ಗಂಟೆ ಚಿಲ್ಲರೆ. ಶೇಕಡಾ 5 ಅಂತಲೂ ಕೊಡಬಹುದು, ಆದರೆ ಅದು ಪ್ರತಿ ಸಲ ಎಲ್ಲೆಲ್ಲಿಂದಲೋ ಆರಿಸುತ್ತದೆ, ಕೆಲವು ಪ್ಯಾಕ್ ಎಷ್ಟೋ ದಿನ ಉಳಿದುಬಿಡಬಹುದು. ನನಗೆ ಭಾಗ ಮಾಡಿ ಓದುವುದೇ ಸರಿ ಅನಿಸುತ್ತದೆ. ಇವತ್ತಿನ ಭಾಗ ಓಡುತ್ತಿದೆ, ಮೂಲೆಯಲ್ಲಿ ಕಾಣುತ್ತಿದೆಯಲ್ಲ, ಅದೇ.

ಇನ್ನೊಂದು ಇದೆ. ಬ್ಯಾಕಪ್ ತೆಗೆಯುವ ಮೊದಲೇ ಫೈಲ್ ಕೆಟ್ಟಿದ್ದರೆ ರೆಸ್ಟಿಕ್ ಆ ಕೆಟ್ಟದ್ದನ್ನೇ ಜೋಪಾನ ಮಾಡುತ್ತದೆ. ಅದಕ್ಕೆ ಸ್ಕ್ಯಾನ್ ಮಾಡಿದ ದಿನವೇ ಶಾ-256 ಮೊತ್ತಗಳ ಒಂದು ಪಟ್ಟಿ ಮಾಡಿ ಅದೇ ಫೋಲ್ಡರಿನಲ್ಲಿ ಇಟ್ಟಿದ್ದೆ. ಈಗ ತಾಳೆ ನೋಡಿದೆ. ಓಕೆ, ಓಕೆ, ಓಕೆ... 2006 ಮಾತ್ರ ಫೇಲ್! ಎದೆ ಧಸಕ್ಕೆಂದಿತು. ತೆರೆದೆ. ಪುಟ ಎಲ್ಲ ಸರಿ ಇದೆ. ಕೊನೆಯಲ್ಲಿ ಒಂದು ಬಿಡಿ ಹಾಳೆ ಜಾಸ್ತಿ ಇದೆ, ಡಿಸೆಂಬರಿನದ್ದು. ಅದು ಆಮೇಲೆ ಸಿಕ್ಕಿತ್ತು, ಸೇರಿಸಿ ಉಳಿಸಿದ್ದೆ, ಪಟ್ಟಿ ಹೊಸದು ಮಾಡಿರಲಿಲ್ಲ. ಈಗ ಮಾಡಿದೆ.

ಇದು 1994. ನೀಲಿ ಶಾಯಿ, ಅಪ್ಪಯ್ಯನ ಆಗಿನ ಅಕ್ಷರ. ಆಶ್ಲೇಷದ ಹದಿನಾಲ್ಕು ದಿನ ಕೂಡಿದರೆ 31 ಇಂಚು. ಕೂಗಿ ಹೇಳಿದೆ. ಒಳಗಿನಿಂದ ಅಪ್ಪಯ್ಯ, "ಮೂವತ್ತಾ, ಮೂವತ್ತೊಂದಾ?" ಅಂದರು. ಮತ್ತೆ ಕೂಡಿದೆ, ಮೂವತ್ತೊಂದೇ. ಈಗ ಎಂಟೂವರೆ ಆಗುತ್ತಾ ಬಂತು, ಅವರು ಕೊಡೆ ತೆಗೆದುಕೊಂಡು ಮಾಪಕದ ಹತ್ತಿರ ಹೊರಟಿದ್ದಾರೆ. ಟಾರ್ಚ್ ಹಿಡಿಯಲು ನಾನೂ ಹೋಗಬೇಕು, ಬೆಳಿಗ್ಗೆಯಾದರೂ ಮಳೆ ಮೋಡಕ್ಕೆ ಕತ್ತಲೆ ಹಾಗೇ ಇದೆ. ಸಿಗೋಣ.