ಬೆಂಚಿನ ಮೇಲೆ ಒಬ್ಬನೇ ಕುಳಿತ ಹುಡುಗ

ಕೇಳುಗರಿಗೆ ನಮಸ್ಕಾರ.

ಕಾಣೆಯಾದ ಹುಡುಗನ ಸುದ್ದಿ ರೇಡಿಯೋದಲ್ಲಿ ಬಂದಿತ್ತಲ್ಲ, ಯಾರಾದರೂ ಕೇಳಿದಿರಾ? ಮಕ್ಕಳ ಕಾದಂಬರಿಯೊಂದು ಶುರುವಾಗುವುದೇ ಹೀಗೆ. ಹೀಗೆ ಪ್ರಶ್ನೆ ಹಾಕುತ್ತಿರುವವನು ಕಾಣೆಯಾದ ಆ ಹುಡುಗನೇ. ಸಾಕಿದವರಿಗೆ ಬೇಡವಾದ ಒಂಬತ್ತು ವರ್ಷದ ಪೋರ. ಸ್ಟಾಕ್‌ಹೋಮಿನ ಉದ್ಯಾನದ ಬೆಂಚಿನ ಮೇಲೆ ಸಂಜೆ ಒಬ್ಬನೇ ಕುಳಿತು, ಸುತ್ತಲಿನ ಮನೆಗಳಲ್ಲಿ ದೀಪ ಹೊತ್ತಿಕೊಳ್ಳುವುದನ್ನು ನೋಡುತ್ತಾನೆ. ಅಲ್ಲಿಂದ ದೂರದ ನಾಡಿಗೆ ಹಾರಿಹೋಗುತ್ತಾನೆ. ಆ ನಾಡಿನ ರಾಜನೇ ಅವನ ಅಪ್ಪ.

1954ರಲ್ಲಿ ಬಂದ ಈ 'ಮಿಯೋ' ಕಥೆಯನ್ನು ಬರೆದವರು ಸ್ವೀಡನ್ನಿನ ಆಸ್ಟ್ರಿಡ್ ಲಿಂಡ್‌ಗ್ರೆನ್. 1907ರಲ್ಲಿ ವಿಮ್ಮರ್‌ಬ್ಯೂ ಊರಿನ ಹತ್ತಿರ ರೈತರ ಮನೆಯಲ್ಲಿ ಹುಟ್ಟಿದವರು. ಮದುವೆಗೆ ಮುಂಚೆಯೇ ಬಸಿರಾದಾಗ ಊರಿನವರ ಬಾಯಿಗೆ ಬೀಳಲಾರದೆ ಹೊರಟುಹೋದರು. 1926ರಲ್ಲಿ ಕೋಪನ್‌ಹೇಗನ್ನಿನಲ್ಲಿ ಮಗ ಲಾರ್ಸ್ ಹುಟ್ಟಿದ. ಅವನನ್ನು ಅಲ್ಲಿಯೇ ಸಾಕುತಾಯಿಯ ಬಳಿ ಬಿಟ್ಟು, ಸ್ಟಾಕ್‌ಹೋಮಿನಲ್ಲಿ ಶೀಘ್ರಲಿಪಿ, ಬೆರಳಚ್ಚು ಕಲಿತು ದುಡಿದರು. ಕೈಯಲ್ಲಿ ಒಂದಿಷ್ಟು ಕಾಸು ಕೂಡಿದಾಗಲೆಲ್ಲ ರೈಲು ಹತ್ತಿ ಮಗನನ್ನು ನೋಡಿಬರುತ್ತಿದ್ದರು. ಹೀಗೆ ಸುಮಾರು ಮೂರು ವರ್ಷ. ಅವರ ಕಥೆಗಳಲ್ಲಿ ಒಂಟಿ ಮಕ್ಕಳು ಮತ್ತೆ ಮತ್ತೆ ಬರುವುದನ್ನು ಕಂಡಾಗ ನನಗೆ ಆ ರೈಲು ಪ್ರಯಾಣಗಳೇ ನೆನಪಾಗುತ್ತವೆ.

ಲಿಂಡ್‌ಗ್ರೆನ್ ಕಥೆಗಳ ಹುಡುಗಿ, ಜಗತ್ತಿಗೆಲ್ಲ ಗೊತ್ತಿರುವ ಪಿಪ್ಪಿಯೂ ಒಂಟಿಯೇ. ಆದರೆ ಕುದುರೆಯನ್ನೇ ಎತ್ತಬಲ್ಲ ಗಟ್ಟಿಗಿತ್ತಿ. ಆ ಹೆಸರು ಹುಟ್ಟಿಸಿದ್ದು 1941ರಲ್ಲಿ ನ್ಯುಮೋನಿಯಾದಿಂದ ಮಲಗಿದ್ದ ಲಿಂಡ್‌ಗ್ರೆನ್ನರ ಮಗಳು ಕಾರಿನ್. ಅಮ್ಮ ಮಂಜಿನಲ್ಲಿ ಜಾರಿ ಕಾಲು ಉಳುಕಿಸಿಕೊಂಡು ಮನೆಯಲ್ಲಿ ಕೂರಬೇಕಾಗಿ ಬಂದಾಗ ಕಥೆ ಕಾಗದಕ್ಕೆ ಇಳಿಯಿತು. ಒಬ್ಬ ದೊಡ್ಡ ಪ್ರಕಾಶಕರು ಒಲ್ಲೆವೆಂದರು. ಇನ್ನೊಬ್ಬರು 1945ರಲ್ಲಿ ಪ್ರಕಟಿಸಿದರು.

1978ರಲ್ಲಿ ಜರ್ಮನಿಯ ಪುಸ್ತಕೋದ್ಯಮ ಅವರಿಗೆ ಶಾಂತಿ ಪ್ರಶಸ್ತಿ ಕೊಟ್ಟಿತು. ಫ್ರಾಂಕ್‌ಫರ್ಟಿನ ವೇದಿಕೆಯಲ್ಲಿ ಲಿಂಡ್‌ಗ್ರೆನ್ ಮಾತನಾಡಿದ್ದು ಮಕ್ಕಳನ್ನು ಹೊಡೆಯಬೇಡಿ ಎಂದು. ಮರುವರ್ಷವೇ ಸ್ವೀಡನ್ ಮಕ್ಕಳಿಗೆ ಹೊಡೆಯುವುದನ್ನು ಮನೆಯೊಳಗೂ ನಿಷೇಧಿಸಿತು. ಹಾಗೆ ಮಾಡಿದ ಮೊದಲ ದೇಶ ಅದು. ಅಂದು ಅವರು ಹೇಳಿದ ಒಂದು ಘಟನೆಯನ್ನು ಕೇಳಿ.

ತಪ್ಪು ಮಾಡಿದ ಮಗನಿಗೆ ತಾಯಿ, ಹೊಡೆಯಲು ನೀನೇ ಒಂದು ಬೆತ್ತ ಹುಡುಕಿ ತಾ ಎಂದಳು. ಹುಡುಗ ಬಹಳ ಹೊತ್ತಿನ ಮೇಲೆ ಅಳುತ್ತ ಬಂದ. ಬೆತ್ತ ಸಿಗಲಿಲ್ಲ ಅಮ್ಮ, ಕಲ್ಲು ಸಿಕ್ಕಿತು, ಇದನ್ನೇ ನನ್ನ ಮೇಲೆ ಎಸೆ ಎಂದು ಅಂಗೈ ಚಾಚಿದ. ತಾಯಿ ಅವನನ್ನು ಅಪ್ಪಿಕೊಂಡು ಅತ್ತಳು. ಆ ಕಲ್ಲನ್ನು ಅಡುಗೆಮನೆಯಲ್ಲಿ, ದಿನವೂ ತನ್ನ ಕಣ್ಣಿಗೆ ಬೀಳುವ ಕಡೆ ಇಟ್ಟುಕೊಂಡಳು.