ಬಾಡಿಗೆ ಮನೆಗೆ ಸರ್ಕಾರದ ನೆರವು: ಕಟ್ಟಡಕ್ಕೋ, ಬಾಡಿಗೆದಾರರ ಕೈಗೋ?

ಕೇಳುಗರಿಗೆ ನಮಸ್ಕಾರ.

ನಮ್ಮಲ್ಲಿ ಸರ್ಕಾರದ ಮನೆ ಎಂದ ಕೂಡಲೇ ನೆನಪಿಗೆ ಬರುವುದು ಹಕ್ಕುಪತ್ರ. ಆಶ್ರಯ ಮನೆಗಳಿಂದ ಹಿಡಿದು 2015ರ ಜೂನ್‌ನಲ್ಲಿ ಆರಂಭವಾದ ನಗರ ಪ್ರದೇಶದ ಪ್ರಧಾನ ಮಂತ್ರಿ ಆವಾಸ್ ಯೋಜನೆಯವರೆಗೆ, ಸಹಾಯಧನವೂ ಬಡ್ಡಿ ರಿಯಾಯಿತಿಯೂ ಹೋದದ್ದು ಸ್ವಂತ ಮನೆ ಮಾಡಿಕೊಳ್ಳುವವರಿಗೆ. ಆದರೆ 2011ರ ಜನಗಣತಿ ಪ್ರಕಾರ ದೇಶದ ನಗರಗಳಲ್ಲಿ ನೂರರಲ್ಲಿ ಸುಮಾರು 27 ಕುಟುಂಬಗಳು ಬಾಡಿಗೆಗೆ ಇದ್ದವು. ರಾಯಚೂರಿನಿಂದಲೋ ಯಾದಗಿರಿಯಿಂದಲೋ ಪೀಣ್ಯಕ್ಕೆ ಬಂದು ಗಾರ್ಮೆಂಟ್ಸ್ ಸೇರಿದ ಹೆಣ್ಣುಮಗಳಿಗೆ ಊರಾಚೆ ಇಪ್ಪತ್ತು ಕಿಲೋಮೀಟರ್ ದೂರದ ಸ್ವಂತ ಮನೆ ಸದ್ಯಕ್ಕೆ ಬೇಡ. ಕೆಲಸಕ್ಕೆ ನಡೆದು ಹೋಗುವಷ್ಟು ಹತ್ತಿರದಲ್ಲಿ, ನೀರು ಬರುವ, ಬಾಗಿಲಿಗೆ ಚಿಲಕವಿರುವ, ಸಂಬಳದಲ್ಲಿ ಕಟ್ಟಬಹುದಾದ ಒಂದು ಕೋಣೆ ಬೇಕು. ಇಂಥವರಿಗೆ ಸರ್ಕಾರ ನೆರವಾಗುವುದು ಹೇಗೆ ಎಂಬುದೇ ಇಂದಿನ ವಿಷಯ.

ಈ ಬಗ್ಗೆ ಎರಡು ವಾದಗಳಿವೆ. ಸರ್ಕಾರವೇ ಬಾಡಿಗೆ ಮನೆ ಕಟ್ಟಲಿ ಅಥವಾ ಕಟ್ಟುವವರಿಗೆ ಹಣ ಕೊಡಲಿ ಎನ್ನುವುದು ಒಂದು. ಕಟ್ಟಡದ ಗೊಡವೆ ಬೇಡ, ಬಾಡಿಗೆಯಲ್ಲಿ ಒಂದು ಪಾಲನ್ನು ಬಾಡಿಗೆದಾರರ ಖಾತೆಗೇ ಹಾಕಲಿ ಎನ್ನುವುದು ಇನ್ನೊಂದು. ಎರಡರಲ್ಲೂ ಹುರುಳಿದೆ. ಆದರೆ ಎರಡೂ ವಾದದವರು ಲೆಕ್ಕವನ್ನು ಕಟ್ಟಡದ ವೆಚ್ಚದಿಂದ ಆರಂಭಿಸುತ್ತಾರೆ. ಆ ಮನೆಗೆ ಬರಬೇಕಾದ ಕುಟುಂಬ ತಿಂಗಳಿಗೆ ಎಷ್ಟು ಕೊಡಬಲ್ಲದು ಎಂಬಲ್ಲಿಂದ ಲೆಕ್ಕ ಹಾಕಿದರೆ ಚಿತ್ರವೇ ಬೇರೆ.

ಕಾಗದ, ಪೆನ್ನು ಹತ್ತಿರವಿದ್ದರೆ ಬರೆದುಕೊಳ್ಳಿ. ಒಂದು ಕುಟುಂಬದ ತಿಂಗಳ ಆದಾಯ 18,000 ರೂಪಾಯಿ ಎಂದುಕೊಳ್ಳೋಣ. ವರ್ಷಕ್ಕೆ 2 ಲಕ್ಷದ 16 ಸಾವಿರ. ಆವಾಸ್ ಯೋಜನೆಯ ಪ್ರಕಾರ ವರ್ಷಕ್ಕೆ 3 ಲಕ್ಷದೊಳಗಿನವರು ಆರ್ಥಿಕವಾಗಿ ದುರ್ಬಲ ವರ್ಗ, ಹಾಗಾಗಿ ಇವರು ಅದರೊಳಗೆ ಬಂದರು. ಆದಾಯದ ಶೇ 30ರಷ್ಟನ್ನು ಬಾಡಿಗೆಗೆ ತೆಗೆದಿಡಬಹುದು ಎನ್ನುವ ರೂಢಿಯ ಅಳತೆ ಹಿಡಿದರೆ 5,400 ರೂಪಾಯಿ. ಇದಕ್ಕಿಂತ ಒಂದು ಸಾವಿರ ಹೆಚ್ಚಾದರೂ ಅದು ಮಕ್ಕಳ ಹಾಲಿನಿಂದಲೋ ಮಾತ್ರೆಯಿಂದಲೋ ಕಡಿತವಾಗಬೇಕು.

ಈಗ ಕಟ್ಟುವವರ ಲೆಕ್ಕ. 30 ಚದರ ಮೀಟರ್, ಅಂದರೆ ಸುಮಾರು 320 ಚದರ ಅಡಿಯ ಒಂದು ಮನೆ. ಜಾಗ ಪುಕ್ಕಟೆ ಸಿಕ್ಕಿತು, ಕಟ್ಟುವ ಖರ್ಚು ಚದರ ಮೀಟರಿಗೆ 25,000 ರೂಪಾಯಿ ಎಂದು ಹಿಡಿಯೋಣ. ಒಟ್ಟು ಏಳೂವರೆ ಲಕ್ಷ. ಶೇ 9ರ ಬಡ್ಡಿಗೆ 25 ವರ್ಷದ ಸಾಲ ಮಾಡಿದರೆ ಲಕ್ಷಕ್ಕೆ ತಿಂಗಳ ಕಂತು ಸುಮಾರು 839, ಏಳೂವರೆ ಲಕ್ಷಕ್ಕೆ ಸುಮಾರು 6,300. ಪಂಪ್ ರಿಪೇರಿ, ಸೆಪ್ಟಿಕ್ ಟ್ಯಾಂಕ್, ಬಣ್ಣ, ಕಾವಲುಗಾರ ಎಂದು ತಿಂಗಳಿಗೆ ಒಂದು ಸಾವಿರ ಸೇರಿಸಿ. ಹತ್ತರಲ್ಲಿ ಒಂದು ಮನೆ ಸದಾ ಖಾಲಿ ಇರುತ್ತದೆ ಅಥವಾ ಅದರ ಬಾಡಿಗೆ ಬರುವುದಿಲ್ಲ, ಆ ನಷ್ಟವನ್ನೂ ಉಳಿದ ಮನೆಗಳ ಮೇಲೆ ಹಂಚಿ. ಬಾಡಿಗೆ 8,100ಕ್ಕೆ ಬಂದು ನಿಲ್ಲುತ್ತದೆ. ಲಾಭದ ಮಾತೇ ಇಲ್ಲ, ಭೂಮಿಗೆ ಕಾಸೂ ಕೊಟ್ಟಿಲ್ಲ, ಆದರೂ 5,400 ಕೊಡಬಲ್ಲವರಿಗೆ 2,700 ರೂಪಾಯಿ ಹೆಚ್ಚು.

2024ರ ಸೆಪ್ಟೆಂಬರ್‌ನಲ್ಲಿ ಜಾರಿಗೆ ಬಂದ ಆವಾಸ್ ಯೋಜನೆಯ ಎರಡನೇ ಹಂತದಲ್ಲಿ ಬಾಡಿಗೆ ವಸತಿಗೆಂದೇ ಒಂದು ವಿಭಾಗವಿದೆ. ಖಾಸಗಿಯವರೋ ಸಾರ್ವಜನಿಕ ಸಂಸ್ಥೆಗಳೋ ಹೊಸ ತಂತ್ರಜ್ಞಾನದಲ್ಲಿ ಬಾಡಿಗೆ ಮನೆ ಕಟ್ಟಿದರೆ ಕೇಂದ್ರ ಚದರ ಮೀಟರಿಗೆ 3,000, ರಾಜ್ಯ 2,000 ರೂಪಾಯಿ ಅನುದಾನ ಕೊಡುತ್ತವೆ. ನಮ್ಮ 30 ಚದರ ಮೀಟರಿನ ಮನೆಗೆ ಅದು ಒಂದೂವರೆ ಲಕ್ಷ. ಸಾಲ ಆರು ಲಕ್ಷಕ್ಕೆ ಇಳಿಯಿತು, ಬಾಡಿಗೆ ಸುಮಾರು 6,700ಕ್ಕೆ ಬಂತು. ಇನ್ನೂ 1,300 ರೂಪಾಯಿಯ ಕೊರತೆ ಉಳಿಯಿತು. ಅದೇ ಸಾಲದ ಬಡ್ಡಿ ಶೇ 5 ಆಗಿದ್ದರೆ? ಕಂತು ಸುಮಾರು 3,500, ಬಾಡಿಗೆ ಸುಮಾರು 5,000. ಈಗ ಆ ಕುಟುಂಬ ಒಳಗೆ ಬಂತು. ಒಮ್ಮೆ ಕೊಡುವ ಅನುದಾನಕ್ಕಿಂತ ಅಗ್ಗದ, ದೀರ್ಘಾವಧಿಯ ಸಾಲವೇ ಬಾಡಿಗೆಯನ್ನು ಹೆಚ್ಚು ಇಳಿಸುತ್ತದೆ. ನಮ್ಮ ಚರ್ಚೆಗಳಲ್ಲಿ ಎಷ್ಟು ಮನೆ, ಎಷ್ಟು ಕೋಟಿ ಎಂಬ ಮಾತಿದೆಯೇ ಹೊರತು ಬಡ್ಡಿ ಎಷ್ಟು, ಅವಧಿ ಎಷ್ಟು ಎಂಬ ಪ್ರಶ್ನೆ ಬರುವುದೇ ಅಪರೂಪ. ಆಸ್ಟ್ರಿಯದ ವಿಯೆನ್ನಾ ನಗರಾಡಳಿತದ ಕೈಯಲ್ಲಿ ಸುಮಾರು 2 ಲಕ್ಷದ 20 ಸಾವಿರ ಬಾಡಿಗೆ ಮನೆಗಳಿವೆ. ಅಲ್ಲಿ ನೌಕರರ ಸಂಬಳದಿಂದಲೂ ಅವರಿಗೆ ಕೆಲಸ ಕೊಟ್ಟವರಿಂದಲೂ ಒಂದು ಸಣ್ಣ ಪಾಲು ವಸತಿ ವಂತಿಗೆಯಾಗಿ ತಪ್ಪದೆ ವಸೂಲಾಗುತ್ತದೆ. ಅಗ್ಗದ ಸಾಲ ಹುಟ್ಟುವುದು ಇಂಥ ಕಾಯಂ ಹಣದಿಂದ.

ಕಟ್ಟುವ ದಾರಿಯಲ್ಲಿ ನಮ್ಮ ಅನುಭವ ಏನು? ಕೋವಿಡ್ ಲಾಕ್‌ಡೌನ್‌ನಲ್ಲಿ ವಲಸೆ ಕಾರ್ಮಿಕರು ಊರಿಗೆ ನಡೆದು ಹೋದ ಮೇಲೆ, 2020ರ ಜುಲೈನಲ್ಲಿ ಕೇಂದ್ರ ಸಂಪುಟ ಕೈಗೆಟಕುವ ಬಾಡಿಗೆ ವಸತಿ ಸಂಕೀರ್ಣಗಳ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಹಿಂದೆ ನರ್ಮ್, ಅಂದರೆ ಕೇಂದ್ರದ ನಗರಾಭಿವೃದ್ಧಿ ಯೋಜನೆ, ಮುಂತಾದವುಗಳಲ್ಲಿ ಕಟ್ಟಿ ಖಾಲಿ ಬಿದ್ದಿದ್ದ ಮನೆಗಳನ್ನು 25 ವರ್ಷಕ್ಕೆ ನಿರ್ವಾಹಕರಿಗೆ ವಹಿಸಿ ಬಾಡಿಗೆಗೆ ಬಿಡುವುದು ಅದರ ಮೊದಲ ಮಾದರಿ. ಅಂಥ 80 ಸಾವಿರಕ್ಕೂ ಹೆಚ್ಚು ಮನೆಗಳಿದ್ದವು. ಬಾಡಿಗೆ ವಸತಿಯಾಗಿ ಬದಲಾದದ್ದು ಸುಮಾರು 5,600 ಮಾತ್ರ. ಅವುಗಳಲ್ಲಿ 2,195 ಚಂಡೀಗಢದ ಮಲೋಯಾದಲ್ಲಿಯೇ ಇವೆ.

ಉಳಿದವು ಯಾಕೆ ಆಗಲಿಲ್ಲ? ಆ ಮನೆಗಳು ಖಾಲಿ ಬಿದ್ದದ್ದು ಬೇಡಿಕೆ ಇಲ್ಲದೆ ಅಲ್ಲ. ಹಲವು ಕಡೆ ಅವು ಊರ ಹೊರಗಿದ್ದವು, ಬಸ್ಸಿರಲಿಲ್ಲ, ಒಳಚರಂಡಿಯ ಕೊನೆಯ ಕೊಂಡಿ ಸೇರಿರಲಿಲ್ಲ, ನೀರಿನ ಸಂಪರ್ಕ ಅರ್ಧಕ್ಕೆ ನಿಂತಿತ್ತು. ಅಂಥ ಕಟ್ಟಡವನ್ನು ರಿಪೇರಿ ಮಾಡಿ, ಕಡಿಮೆ ಬಾಡಿಗೆಯಲ್ಲೇ ಆ ಖರ್ಚು ಹುಟ್ಟಿಸಿಕೊಂಡು, 25 ವರ್ಷ ನಡೆಸಿ ಎಂದರೆ ಯಾರು ಮುಂದೆ ಬರುತ್ತಾರೆ? ಬಾಡಿಗೆ ಏರಿಕೆಗೂ ಮಿತಿಯಿತ್ತು: ಎರಡು ವರ್ಷಕ್ಕೆ ಶೇ 8, ಐದು ವರ್ಷದಲ್ಲಿ ಒಟ್ಟು ಶೇ 20. ಬಾಡಿಗೆದಾರರ ದೃಷ್ಟಿಯಿಂದ ಆ ಮಿತಿ ಸರಿಯಾದದ್ದೇ. ಆದರೆ ಲಿಫ್ಟ್ ಕೆಟ್ಟಾಗ, ಓವರ್‌ಹೆಡ್ ಟ್ಯಾಂಕ್ ಸೋರಿದಾಗ ಹಣ ಎಲ್ಲಿಂದ ಬರಬೇಕು ಎಂದು ಮೊದಲೇ ಬರೆದಿಡದಿದ್ದರೆ ಐದನೇ ವರ್ಷಕ್ಕೆ ಆ ಸಂಕೀರ್ಣ ಹಾಳು ಬೀಳುತ್ತದೆ. ಬಾಡಿಗೆ ಮನೆಗೆ ಕಂಟ್ರಾಕ್ಟರ್‌ಗಿಂತ ಮುಖ್ಯ, ದಿನಾ ಅಲ್ಲಿದ್ದು ನಡೆಸುವ ವ್ಯವಸ್ಥಾಪಕ. ಬಾಡಿಗೆಯಲ್ಲಿ ಒಂದು ಪಾಲು ನಿರ್ವಹಣೆಯ ಪ್ರತ್ಯೇಕ ಖಾತೆಗೆ ಮೊದಲೇ ಹೋಗಬೇಕು, ಉಳಿದದ್ದು ಸಾಲದ ಕಂತಿಗೆ.

ಅದೇ ಯೋಚನೆ ಜಾಗ ನೋಡಿ ಕಟ್ಟಿದಾಗ ಫಲ ಕೊಟ್ಟದ್ದೂ ಉಂಟು. ತಮಿಳುನಾಡಿನ ಶ್ರೀಪೆರಂಬುದೂರಿನ ಬಳಿ, ವಲ್ಲಂ ವಡಗಾಲ್ ಕೈಗಾರಿಕಾ ಪ್ರದೇಶದಲ್ಲಿ, 2024ರ ಆಗಸ್ಟ್‌ನಲ್ಲಿ ದುಡಿಯುವ ಹೆಣ್ಣುಮಕ್ಕಳ ವಸತಿ ಸಂಕೀರ್ಣ ತೆರೆಯಿತು. 18,720 ಹಾಸಿಗೆ, ಸುಮಾರು 706 ಕೋಟಿ ರೂಪಾಯಿ, ಅಂದರೆ ಹಾಸಿಗೆಗೆ 3 ಲಕ್ಷ 77 ಸಾವಿರ. ಕಾರ್ಖಾನೆ ಹತ್ತಿರ, ಬಾಡಿಗೆಗೆ ಕಂಪನಿಯೇ ಖಾತ್ರಿ. ಬೊಮ್ಮಸಂದ್ರ, ಜಿಗಣಿ, ದೊಡ್ಡಬಳ್ಳಾಪುರ, ನರಸಾಪುರದ ಕೈಗಾರಿಕಾ ಪ್ರದೇಶಗಳಲ್ಲಿ ನಿವೇಶನ ಹಂಚುವಾಗಲೇ ಇಂಥದ್ದಕ್ಕೆ ಜಾಗ ತೆಗೆದಿಡಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಒಂದು ಎಚ್ಚರಿಕೆಯೂ ಬೇಕು. ಹಾಸಿಗೆ ಕಂಪನಿಯದ್ದಾದರೆ ಕೆಲಸ ಹೋದ ದಿನವೇ ಸೂರೂ ಹೋಗುತ್ತದೆ. ಕೆಲಸ ಬಿಟ್ಟ ಮೇಲೂ ಎರಡು ತಿಂಗಳು ಅದೇ ಬಾಡಿಗೆಯಲ್ಲಿ ಇರಬಹುದು ಎಂಬ ಷರತ್ತನ್ನು ಕರಾರಿನಲ್ಲಿ ಸೇರಿಸಬೇಕು. ಮತ್ತೆ, ಡಾರ್ಮಿಟರಿ ಸಂಸಾರಕ್ಕಲ್ಲ. 2012ರ ತಜ್ಞರ ತಂಡವೊಂದು ನಗರಗಳಲ್ಲಿ 1 ಕೋಟಿ 88 ಲಕ್ಷ ಮನೆಗಳ ಕೊರತೆ ಇದೆ ಎಂದು ಅಂದಾಜು ಮಾಡಿತ್ತು. ಅದರಲ್ಲಿ ಸುಮಾರು ಒಂದೂವರೆ ಕೋಟಿ, ಇಕ್ಕಟ್ಟಿನಲ್ಲಿ ಬದುಕುತ್ತಿದ್ದ ಕುಟುಂಬಗಳದ್ದು. ಅವರಿಗೆ ಬೇಕಾದದ್ದು ಇನ್ನೊಂದು ಕೋಣೆ.

ಇನ್ನು ಕೈಗೆ ಹಣ ಕೊಡುವ ವಾದ. ಅಮೆರಿಕದಲ್ಲಿ 1974ರ ಕಾನೂನಿನಿಂದ ಬೆಳೆದ ಬಾಡಿಗೆ ವೋಚರ್ ವ್ಯವಸ್ಥೆಯಿದೆ. ಕುಟುಂಬ ತನ್ನ ಆದಾಯದ ಶೇ 30ರಷ್ಟನ್ನು ಕೊಡುತ್ತದೆ, ನಿಗದಿಯಾದ ಮಿತಿಯವರೆಗೆ ಉಳಿದದ್ದನ್ನು ಸರ್ಕಾರ ನೇರವಾಗಿ ಮಾಲೀಕರಿಗೆ ಕಟ್ಟುತ್ತದೆ. ಎಲ್ಲಿ ಬೇಕಾದರೂ ಮನೆ ಹುಡುಕಿಕೊಳ್ಳಬಹುದು, ಅದು ದೊಡ್ಡ ಅನುಕೂಲ. ತೊಂದರೆ ಏನೆಂದರೆ ಅರ್ಹರಾದ ನಾಲ್ಕು ಕುಟುಂಬಗಳಲ್ಲಿ ಹೆಚ್ಚುಕಡಿಮೆ ಒಂದಕ್ಕೆ ಮಾತ್ರ ಸರ್ಕಾರದ ಬಾಡಿಗೆ ನೆರವು ಸಿಗುತ್ತದೆ. ವೋಚರ್ ಕೈಗೆ ಬಂದವರಿಗೂ ಮಾಲೀಕರು ಒಪ್ಪದೆ ಅವಧಿ ಮುಗಿದು ಹೋಗುವುದುಂಟು. ಜೊತೆಗೆ ಹೊಸ ಕೋಣೆಗಳು ಬಾರದ ಊರಿನಲ್ಲಿ ಎಲ್ಲರ ಕೈಗೂ ಸಾವಿರ ರೂಪಾಯಿ ಕೊಟ್ಟರೆ ಬಾಡಿಗೆಯೂ ಏರುತ್ತದೆ, ಆ ಸಾವಿರ ಮಾಲೀಕರ ಜೇಬಿಗೆ ಹೋಗುತ್ತದೆ.

ಬೆಂಗಳೂರಿನಲ್ಲಿ ಇನ್ನೂ ಒಂದು ಅಡ್ಡಿಯಿದೆ, ಕಾಗದ. ವಠಾರದ ಬಾಡಿಗೆ ಬಹುಪಾಲು ಬಾಯಿಮಾತಿನದು. ಕರಾರು ಇಲ್ಲದವರಿಗೆ ಬಾಡಿಗೆ ನೆರವು ಕೊಡುವುದು ಯಾವ ದಾಖಲೆ ನೋಡಿ? 2023ರ ಗೃಹಜ್ಯೋತಿಯಲ್ಲೇ ಇದರ ರುಚಿ ಸಿಕ್ಕಿತು. ಬಾಡಿಗೆದಾರರಿಗೂ ಅದು ಸಲ್ಲುತ್ತದೆ, ಮನೆ ಬದಲಿಸಿದಾಗ ಹಳೆಯ ಮೀಟರಿನಿಂದ ಆಧಾರ್ ಜೋಡಣೆ ತೆಗೆಸಿ ಹೊಸದಕ್ಕೆ ಜೋಡಿಸಬಹುದು. ಆದರೆ ಆರು ಕೋಣೆಗೆ ಒಂದೇ ಮೀಟರ್ ಇದ್ದು ಒಳಗೆ ಸಬ್ ಮೀಟರ್ ಹಾಕಿರುವ ವಠಾರದಲ್ಲಿ ಆರು ಸಂಸಾರಗಳಿಗೆ ಸೇರಿ ಇರುವುದು ಒಂದೇ ಆರ್.ಆರ್. ಸಂಖ್ಯೆ, ಅಂದರೆ ಒಂದೇ ವಿದ್ಯುತ್ ಸಂಪರ್ಕದ ಸಂಖ್ಯೆ. ಅತಿ ಬಡವರು ಇರುವ ಕಡೆಯೇ ನೆರವು ಬಾಗಿಲಲ್ಲಿ ನಿಂತಿತು. ಇತ್ತ ಸಂಬಳದಾರರಿಗೆ ಮನೆ ಬಾಡಿಗೆ ಭತ್ಯೆಯ ಮೇಲೆ ಹಳೆಯ ಪದ್ಧತಿಯಲ್ಲಿ ತೆರಿಗೆ ವಿನಾಯಿತಿ ಇದೆ. ಅದೂ ಸರ್ಕಾರದ ನೆರವೇ. ತೆರಿಗೆ ಕಟ್ಟುವಷ್ಟು ಆದಾಯವೇ ಇಲ್ಲದವರಿಗೆ ಅದರಿಂದ ಚಿಕ್ಕಾಸೂ ಸಿಗುವುದಿಲ್ಲ.

ಕಾನೂನಿನ ಆಸರೆಯೂ ತೆಳು. 1999ರ ಕರ್ನಾಟಕ ಬಾಡಿಗೆ ಕಾಯ್ದೆ ಬೆಂಗಳೂರಿನಂಥ ನಗರಗಳಲ್ಲಿ ತಿಂಗಳಿಗೆ 3,500, ಉಳಿದ ಕಡೆ 2,000 ರೂಪಾಯಿ ಮೀರಿದ ಬಾಡಿಗೆಗೆ ಅನ್ವಯಿಸುವುದಿಲ್ಲ. ಇವತ್ತು ಆ ಮೊತ್ತಕ್ಕೆ ಮನೆ ಎಲ್ಲಿದೆ? ಉಳಿದವರೆಲ್ಲ ಸ್ವತ್ತು ವರ್ಗಾವಣೆ ಕಾಯ್ದೆಯ ಪಾಲಿಗೆ. ಅಡ್ವಾನ್ಸ್ ವಾಪಸ್ ಬಾರದಿದ್ದರೆ ಸಿವಿಲ್ ಕೋರ್ಟು ಹತ್ತಬೇಕು. 30 ಸಾವಿರಕ್ಕಾಗಿ ಕೋರ್ಟು ಹತ್ತುವ ಕೂಲಿಕಾರರಿಲ್ಲ. 2021ರಲ್ಲಿ ಕೇಂದ್ರ ಹೊರಡಿಸಿದ ಮಾದರಿ ಬಾಡಿಗೆ ಕಾಯ್ದೆ ವಾಸದ ಮನೆಗೆ ಅಡ್ವಾನ್ಸ್ ಎರಡು ತಿಂಗಳ ಬಾಡಿಗೆ ಮೀರಬಾರದು ಎನ್ನುತ್ತದೆ. ಲಿಖಿತ ಕರಾರು ಕಡ್ಡಾಯ ಮಾಡಿ, ವ್ಯಾಜ್ಯಕ್ಕೆ ಪ್ರತ್ಯೇಕ ಪ್ರಾಧಿಕಾರವನ್ನೂ ಸೂಚಿಸುತ್ತದೆ. ಅದು ಬರೀ ಮಾದರಿ, ರಾಜ್ಯಗಳು ತಮ್ಮ ಕಾನೂನು ಮಾಡಿದರಷ್ಟೇ ಜೀವ.

ನನ್ನನ್ನು ಕೇಳಿದರೆ ನೆರವು ಮೊದಲು ತಲುಪಬೇಕಾದದ್ದು ಈ ಅಡ್ವಾನ್ಸ್‌ಗೆ. 7,000 ಬಾಡಿಗೆಯ ಮನೆಗೆ ಐದು ತಿಂಗಳ ಅಡ್ವಾನ್ಸ್ 35 ಸಾವಿರ. ಕೈಯಲ್ಲಿ ಇಲ್ಲದವರು ನೂರಕ್ಕೆ ತಿಂಗಳಿಗೆ ಮೂರು ರೂಪಾಯಿ ಬಡ್ಡಿಗೆ ತಂದರೆ ತಿಂಗಳಿಗೆ 1,050 ಬಡ್ಡಿ. ಆ ಮನೆಯ ನಿಜವಾದ ಬಾಡಿಗೆ 8,050. ಹತ್ತು ತಿಂಗಳ ಅಡ್ವಾನ್ಸ್ ಆದರೆ 9,100. ಬಿಡುವಾಗ ಬಣ್ಣದ ಖರ್ಚೆಂದು ಒಂದು ತಿಂಗಳ ಬಾಡಿಗೆ ಮುರಿದುಕೊಳ್ಳುವುದು ಬೇರೆ. ಇಲ್ಲಿ ಸರ್ಕಾರ ನಗದು ಕೊಡಬೇಕಿಲ್ಲ, ಜಾಮೀನು ನಿಂತರೆ ಸಾಕು. ಲಿಖಿತ ಕರಾರು ಮಾಡಿಕೊಂಡ ಮಾಲೀಕರಿಗೆ, ಬಾಕಿಯೋ ಹಾನಿಯೋ ಆದರೆ ಎರಡು ತಿಂಗಳ ಬಾಡಿಗೆಯವರೆಗೆ ನಾವು ಕೊಡುತ್ತೇವೆ ಎಂದು ಒಂದು ನಿಗಮ ಬರೆದುಕೊಡಲಿ, ಆಮೇಲೆ ಬಾಡಿಗೆದಾರರಿಂದ ಕಂತಿನಲ್ಲಿ ವಸೂಲು ಮಾಡಿಕೊಳ್ಳಲಿ. ಒಂದು ಲಕ್ಷ ಕುಟುಂಬಗಳಿಗೆ ತಲಾ 14 ಸಾವಿರದ ಜಾಮೀನು ಎಂದರೆ ಹೊಣೆ 140 ಕೋಟಿ. ಹತ್ತರಲ್ಲಿ ಒಬ್ಬರು ಪೂರ್ತಿ ತಪ್ಪಿದರೂ ಖರ್ಚು 14 ಕೋಟಿ. ಇದರ ನೆಪದಲ್ಲಿ ಲಿಖಿತ ಕರಾರೂ ರೂಢಿಗೆ ಬರುತ್ತದೆ, ಮುಂದೆ ಬಾಡಿಗೆ ನೆರವು ಕೊಡುವುದಾದರೆ ಅದಕ್ಕೆ ಬೇಕಾದ ದಾಖಲೆಯೂ ಸಿದ್ಧವಾಗುತ್ತದೆ.

ಅಂಥ ಜಾಮೀನು ಬರುವವರೆಗೆ ತಿಂಗಳ ಬಾಡಿಗೆಯ ಕಾಟವೇ ಬೇಡ ಎಂದು ಭೋಗ್ಯಕ್ಕೆ ಹೋಗುವವರಿಗೆ, ಅಂದರೆ ಐದಾರು ಲಕ್ಷ ಒಟ್ಟಿಗೆ ಕೊಟ್ಟು ಮನೆ ಹಿಡಿಯುವವರಿಗೆ, ಕೆಲವು ಮಾತು. ಆ ಮನೆ ಮೊದಲೇ ಬ್ಯಾಂಕಿಗೆ ಅಡಮಾನವಾಗಿದ್ದರೆ, ಮಾಲೀಕರು ಸಾಲ ಕಟ್ಟದೆ ಹೋದರೆ ಬ್ಯಾಂಕು ಮನೆಯನ್ನು ವಶಕ್ಕೆ ಪಡೆಯಬಹುದು, ನಿಮ್ಮ ಹಣ ಮಾಲೀಕರ ಹತ್ತಿರ ಸಿಕ್ಕಿಬೀಳುತ್ತದೆ. ಆದ್ದರಿಂದ ಹಣ ಕೊಡುವ ಮುಂಚೆ ನೋಂದಣಿ ಇಲಾಖೆಯ ಕಾವೇರಿ ಜಾಲತಾಣದಲ್ಲಿ ಋಣಭಾರ ಪ್ರಮಾಣಪತ್ರ, ಅಂದರೆ ಇ.ಸಿ. ತೆಗೆಸಿ. ಪತ್ರಗಳನ್ನು ಬ್ಯಾಂಕಿನಲ್ಲಿ ಇಟ್ಟು ಮಾಡಿದ ಸಾಲ ಇ.ಸಿ.ಯಲ್ಲಿ ಕಾಣದೆ ಹೋಗಬಹುದು, ಹಾಗಾಗಿ ಬ್ಯಾಂಕುಗಳು ಅಡಮಾನಗಳನ್ನು ದಾಖಲಿಸುವ ಸೆರ್ಸಾಯ್ ಜಾಲತಾಣದಲ್ಲೂ ಸಣ್ಣ ಶುಲ್ಕ ಕಟ್ಟಿ ಹುಡುಕಿ, ಮೂಲ ಕ್ರಯಪತ್ರವನ್ನು ಕಣ್ಣಾರೆ ನೋಡಿ. ಖಾತೆಯಲ್ಲಿರುವ ಹೆಸರು, ಕಂದಾಯ ರಸೀದಿಯ ಹೆಸರು, ಸಹಿ ಹಾಕುವವರ ಹೆಸರು ಒಂದೇ ಇರಬೇಕು. ಮಧ್ಯವರ್ತಿ ಕಂಪನಿಯ ಖಾತೆಗೆ ಹಣ ಹಾಕಬೇಡಿ, ಮಾಲೀಕರ ಖಾತೆಗೇ ಬ್ಯಾಂಕ್ ಮೂಲಕ ಹಾಕಿ. ನೋಟರಿ ಮಾಡಿಸಿದ ಛಾಪಾ ಕಾಗದ ಭೋಗ್ಯಕ್ಕೆ ಸಾಲದು. ಇಬ್ಬರು ಸಾಕ್ಷಿಗಳ ಸಹಿಯೊಂದಿಗೆ ಉಪನೋಂದಣಾಧಿಕಾರಿ ಕಚೇರಿಯಲ್ಲಿ ನೋಂದಣಿಯಾದ ಭೋಗ್ಯಪತ್ರವೇ ಬೇಕು. ನೋಂದಣಿಗೆ ಮಾಲೀಕರು ಒಪ್ಪದಿದ್ದರೆ ಆ ಮನೆ ಬಿಟ್ಟು ಬೇರೆ ನೋಡಿ.

ನಮಸ್ಕಾರ.